ಒಳಗಿನಿಂದ ತೆರೆಯುವ ಬಾಗಿಲು: ಚಿಕಾಗೋದ ಒಂದು ಶಾಲೆಯ ಚರಿತ್ರೆ

ಶತಮಾನೋತ್ಸವದ ಈ ಸಂಚಿಕೆಯ ಬಹುಪಾಲು ಪುಟಗಳು ನಮ್ಮ ಶಾಲೆಯ ಚರಿತ್ರೆಗೆ ಮೀಸಲಾಗಿವೆ. ಅದು ಯುಕ್ತವೂ ಆಗಿದೆ. ಕೆಲವು ಪುಟಗಳನ್ನು ಮಾತ್ರ ದೂರದೇಶದ ಇನ್ನೊಂದು ಶಾಲೆಯ ಚರಿತ್ರೆಗಾಗಿ ಬಳಸಿಕೊಳ್ಳಲು ಸಂಪಾದಕ ಮಂಡಳಿಯವರಲ್ಲಿ ಅವಕಾಶ ಕೇಳಿಕೊಂಡೆ. ವಯಸ್ಸಿನಲ್ಲಿ ಅದು ನಮ್ಮ ಶಾಲೆಯ ಓರಗೆಯದೇ. ಅಮೆರಿಕದ ಚಿಕಾಗೋ ನಗರದ ಆರ್ಥೋಜೆನಿಕ್ ಶಾಲೆ ಎಂಬುದು ಅದರ ಹೆಸರು. ನೇರವಾದ ಬೆಳವಣಿಗೆ ಎಂಬುದು ಗ್ರೀಕ್ ಮೂಲದ ಆ ಪದದ ಸ್ಥೂಲವಾದ ಅರ್ಥ. ಮಾತು ಬಲ್ಲವರಾಗಿಯೂ ಮಾತನಾಡದ, ಊಟದ ತಟ್ಟೆಯನ್ನು ದೂರ ತಳ್ಳುವ, ಕೈಗೆ ಸಿಕ್ಕಿದ್ದನ್ನು ಒಡೆದುಹಾಕುವ, ಇತರ ಶಾಲೆಗಳು ಇಟ್ಟುಕೊಳ್ಳಲೊಲ್ಲದ ಮಕ್ಕಳು ಅಲ್ಲಿ ವರ್ಷಗಟ್ಟಲೆ ವಾಸವಿದ್ದು ಕಲಿಯುತ್ತಿದ್ದರು. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳ ಶಾಲೆ ಅದು.

ಆ ಶಾಲೆಯ ಚರಿತ್ರೆಯಲ್ಲಿ ಶಿಕ್ಷಣಲೋಕವು ಕಂಡ ಒಂದು ಶ್ರೇಷ್ಠ ವಿಚಾರವಿದೆ. ಅದೇ ಸೂರಿನಡಿಯಲ್ಲಿ ದೊಡ್ಡದೊಂದು ಅನ್ಯಾಯವೂ ನಡೆದಿದೆ. ಮೊದಲನೆಯದನ್ನಷ್ಟೇ ಹೇಳಿದರೆ ಬರೆಹ ಸ್ತುತಿಯಾಗುತ್ತದೆ, ಎರಡನೆಯದನ್ನಷ್ಟೇ ಹೇಳಿದರೆ ನಿಂದೆಯಾಗುತ್ತದೆ. ಮಕ್ಕಳನ್ನು ಶಾಲೆಯ ಕೈಗೆ ಒಪ್ಪಿಸುವ ರಕ್ಷಕರೂ ಅವರನ್ನು ವಹಿಸಿಕೊಳ್ಳುವ ಅಧ್ಯಾಪಕರೂ ಎರಡನ್ನೂ ಒಟ್ಟಿಗೆ ತಿಳಿದಿರುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ದಂಡನೆಯಿಂದ ಚಿಕಿತ್ಸೆಯ ಕಡೆಗೆ

1893ರ ಸರ್ವಧರ್ಮ ಸಮ್ಮೇಳನದಿಂದಾಗಿ ಚಿಕಾಗೋ ನಮಗೆಲ್ಲ ಪರಿಚಿತವಾದ ಹೆಸರು. ಮಕ್ಕಳ ಹಿತದ ಚರಿತ್ರೆಯಲ್ಲಿಯೂ ಆ ನಗರಕ್ಕೆ ವಿಶೇಷ ಸ್ಥಾನವಿದೆ. ತಪ್ಪು ಮಾಡಿದ ಮಕ್ಕಳ ವಿಚಾರಣೆಗಾಗಿಯೇ ಪ್ರತ್ಯೇಕ ನ್ಯಾಯಾಲಯವೊಂದು ಮೊದಲಬಾರಿಗೆ ಸ್ಥಾಪನೆಯಾದದ್ದು 1899ರಲ್ಲಿ, ಚಿಕಾಗೋದಲ್ಲಿಯೇ. ಅದಕ್ಕೆ ಮೊದಲು ಹತ್ತು ಹನ್ನೆರಡು ವರ್ಷದ ಹುಡುಗರೂ ದೊಡ್ಡವರ ಜತೆಯಲ್ಲಿ ಸೆರೆಮನೆ ಸೇರುವುದಿತ್ತು. ಹತ್ತು ವರ್ಷಗಳ ಅನಂತರ, 1909ರಲ್ಲಿ, ವಿಲಿಯಂ ಹೀಲಿ ಎಂಬ ವೈದ್ಯರ ನೇತೃತ್ವದಲ್ಲಿ ಆ ನ್ಯಾಯಾಲಯಕ್ಕೆ ಬರುವ ಮಕ್ಕಳ ಮನಸ್ಸನ್ನು ಅಭ್ಯಸಿಸುವ ಸಂಸ್ಥೆಯೊಂದು ಆರಂಭವಾಯಿತು. ಈ ಹುಡುಗನಿಗೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆಯ ಜಾಗದಲ್ಲಿ ಈ ಹುಡುಗ ಹೀಗೇಕಾದನು ಎಂಬ ಪ್ರಶ್ನೆ ಬಂದು ಕುಳಿತದ್ದು ಹೀಗೆ.

ಆರ್ಥೋಜೆನಿಕ್ ಶಾಲೆಯು ಹುಟ್ಟಿಕೊಂಡದ್ದು ಅದರ ಮುಂದಿನ ದಶಕದಲ್ಲಿ, ಚಿಕಾಗೋದ ರಶ್ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಪರೀಕ್ಷಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಮುಂದೆ ಅದು ಚಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಬುದ್ಧಿ ಚುರುಕಾಗಿಯೇ ಇದ್ದು ಭಾವಲೋಕದಲ್ಲಿ ಕ್ಷೋಭೆಗೊಂಡ ಮಕ್ಕಳ ಕಡೆಗೆ ಅದರ ಗಮನ ಕ್ರಮೇಣ ತಿರುಗಿತು.

ಇದೇ ಕಾಲದಲ್ಲಿ ಯುರೋಪಿನಲ್ಲಿಯೂ ಒಂದು ಮಹತ್ವದ ಪ್ರಯೋಗ ನಡೆದಿತ್ತು. ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, 1918ರಲ್ಲಿ, ಆಸ್ಟ್ರಿಯ ದೇಶದ ಒಬರ್‌ಹೊಲ್ಲಾಬ್ರುನ್ ಎಂಬಲ್ಲಿ ಯುದ್ಧಕಾಲದ ನಿರಾಶ್ರಿತರ ಹಳೆಯ ಶಿಬಿರವೊಂದರಲ್ಲಿ ಆಗಸ್ಟ್ ಐಕ್‌ಹಾರ್ನ್ ಎಂಬ ಅಧ್ಯಾಪಕರು ದಾರಿ ತಪ್ಪಿದ ಮಕ್ಕಳಿಗಾಗಿ ಒಂದು ನಿವಾಸವನ್ನು ತೆರೆದರು. ಅತ್ಯಂತ ಪುಂಡರೆನಿಸಿದ ಹುಡುಗರನ್ನು ಹೊಡೆಯಬಾರದು, ಅವರ ಕೋಪಕ್ಕೆ ಕೋಪದಿಂದ ಉತ್ತರ ಕೊಡಬಾರದು ಎಂಬುದು ಅವರ ನಿಯಮವಾಗಿತ್ತು. ಹುಡುಗರು ಮೇಜು ಕುರ್ಚಿಗಳನ್ನು ಮುರಿದರು, ಕಿಟಕಿಯ ಗಾಜುಗಳನ್ನು ಒಡೆದರು, ಅಧ್ಯಾಪಕರು ತಾಳಿಕೊಂಡರು. ಪ್ರತಿಯಾಗಿ ಹೊಡೆತ ಬೀಳದಿದ್ದಾಗ ಆ ಆರ್ಭಟ ಅಳುವಾಗಿ ಇಳಿಯಿತು; ಅಳು ಮುಗಿದ ಮೇಲೆ ಕಲಿಕೆಗೆ ದಾರಿಯಾಯಿತು. ಐಕ್‌ಹಾರ್ನ್ ಈ ಅನುಭವವನ್ನು 1925ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಅದಕ್ಕೆ ಮುನ್ನುಡಿ ಬರೆದವರು ಸಿಗ್ಮಂಡ್ ಫ್ರಾಯ್ಡ್. ಈ ವಿಚಾರಗಳ ಗಾಳಿ ಬೀಸುತ್ತಿದ್ದ ವಿಯೆನ್ನಾ ನಗರದಿಂದಲೇ ಚಿಕಾಗೋದ ಶಾಲೆಗೆ ಅದರ ಅತ್ಯಂತ ಪ್ರಸಿದ್ಧ ನಿರ್ದೇಶಕರು ಬಂದರು.

ಶಿಬಿರದಿಂದ ಬಂದವರು

ಬ್ರೂನೋ ಬೆಟಲ್‌ಹೈಮ್ 1903ರಲ್ಲಿ ವಿಯೆನ್ನಾದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ತೀರಿಕೊಂಡ ಮೇಲೆ ಮನೆತನದ ಮರದ ವ್ಯಾಪಾರವನ್ನು ನೋಡಿಕೊಳ್ಳುತ್ತ, ತಡವಾಗಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು; ಅವರ ಪ್ರಬಂಧದ ವಿಷಯ ಸೌಂದರ್ಯಮೀಮಾಂಸೆಗೆ ಸೇರಿದ್ದು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಆಕ್ರಮಿಸಿದ ಮೇಲೆ ಅವರನ್ನು ಬಂಧಿಸಿ ಮೊದಲು ಡಾಖಾವ್ ಶಿಬಿರಕ್ಕೆ, ಅಲ್ಲಿಂದ ಬುಖೆನ್‌ವಾಲ್ಡ್ ಶಿಬಿರಕ್ಕೆ ಕಳುಹಿಸಲಾಯಿತು. 1939ರಲ್ಲಿ ಬಿಡುಗಡೆಯಾಗಿ ಅವರು ಅಮೆರಿಕವನ್ನು ಸೇರಿದರು. ಶಿಬಿರದಲ್ಲಿ ಮನುಷ್ಯನ ವ್ಯಕ್ತಿತ್ವ ಹೇಗೆ ಕುಸಿಯುತ್ತದೆ ಎಂಬುದನ್ನು ಕುರಿತು 1943ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ವಿದ್ವಾಂಸರ ಗಮನ ಸೆಳೆಯಿತು. 1944ರಲ್ಲಿ ಆರ್ಥೋಜೆನಿಕ್ ಶಾಲೆಯ ಹೊಣೆ ಅವರಿಗೆ ಬಂದಿತು. 1973ರವರೆಗೆ, ಸುಮಾರು ಮೂರು ದಶಕಗಳ ಕಾಲ, ಆ ಶಾಲೆಯೆಂದರೆ ಅವರೇ ಎಂಬಂತಾಯಿತು.

ಅವರ ತರ್ಕ ಸರಳವಾಗಿತ್ತು, ಆಳವಾಗಿಯೂ ಇತ್ತು. ಊಟ, ನಿದ್ದೆ, ಶೌಚ, ಮಾತು ಎಂಬ ನಿತ್ಯದ ಪ್ರತಿಯೊಂದು ಸಂಗತಿಯನ್ನೂ ಕ್ರೌರ್ಯದಿಂದ ತುಂಬಿ ಶಿಬಿರವು ಗಟ್ಟಿಮುಟ್ಟಾದ ಮನುಷ್ಯನನ್ನು ಒಳಗಿನಿಂದ ಮುರಿಯಬಲ್ಲುದಾದರೆ, ಅದೇ ಊಟ, ಅದೇ ನಿದ್ದೆ, ಅದೇ ಮಾತುಗಳನ್ನು ಅಕ್ಕರೆಯಿಂದಲೂ ವಿವೇಚನೆಯಿಂದಲೂ ತುಂಬಿದ ಮನೆಯೊಂದು ಮುರಿದ ಮಗುವನ್ನು ಮತ್ತೆ ಕಟ್ಟಬಲ್ಲುದು. ವಾರಕ್ಕೊಂದು ಗಂಟೆ ವೈದ್ಯರ ಮುಂದೆ ಕುಳಿತರೆ ಇದು ಸಾಧ್ಯವಾಗದು. ಉಳಿದೆಲ್ಲ ಗಂಟೆಗಳೂ ಚಿಕಿತ್ಸೆಯಾಗಬೇಕು. ಎಮ್ಮಿ ಸಿಲ್ವೆಸ್ಟರ್ ಎಂಬ ಮನೋವೈದ್ಯೆಯ ಜತೆಗೂಡಿ ಅವರು 1948ರಲ್ಲಿ ಬರೆದ ಪ್ರಬಂಧದಲ್ಲಿ ಈ ವಿಚಾರಕ್ಕೆ ಶಾಸ್ತ್ರೀಯ ರೂಪ ಬಂದಿತು. ಪರಿಸರವೇ ಚಿಕಿತ್ಸೆ ಎಂದು ಅದನ್ನು ನಾವು ಕನ್ನಡದಲ್ಲಿ ಹೇಳಬಹುದು.

ಒಂದು ದಿನದ ಕ್ರಮ

1950ರಲ್ಲಿ ಪ್ರಕಟವಾದ 'ಲವ್ ಈಸ್ ನಾಟ್ ಇನಫ್' ಎಂಬ ಗ್ರಂಥದಲ್ಲಿ ಬೆಟಲ್‌ಹೈಮ್ ಶಾಲೆಯ ಬಾಳನ್ನು ವಿವರಿಸಿದ್ದಾರೆ. ಪ್ರೀತಿಯೊಂದೇ ಸಾಲದು ಎಂಬುದು ಆ ಹೆಸರಿನ ಅರ್ಥ. ಗ್ರಂಥದ ಅಧ್ಯಾಯಗಳು ಪಾಠಪಟ್ಟಿಯನ್ನು ಅನುಸರಿಸುವುದಿಲ್ಲ. ಮಗುವಿನ ದಿನವನ್ನು ಅನುಸರಿಸುತ್ತವೆ. ಕನಸಿನಿಂದ ಎಚ್ಚರಕ್ಕೆ ಬರುವ ಹೊತ್ತು, ಒಂದು ಕೆಲಸ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಹೊತ್ತು, ಪಾಠ, ಊಟ, ಆಟ, ಸ್ನಾನದ ಮನೆ, ಮಲಗುವ ವೇಳೆ ಎಂದು ಅವು ಸಾಗುತ್ತವೆ.

ಅಧ್ಯಾಪಕರಾದ ನಮಗೆ ಈ ವಿವರಗಳು ಬಹಳ ಹೇಳುತ್ತವೆ. ಕ್ಷೋಭೆಗೊಂಡ ಮಗುವಿಗೆ ಬೆಳಗ್ಗೆ ಏಳುವುದು ಸಣ್ಣ ಸಂಗತಿಯಲ್ಲ; ನಿನ್ನೆಯ ಭಯ ಇಂದೂ ಕಾದಿದೆಯೆಂದು ತಿಳಿದ ಮಗುವಿಗೆ ಹಾಸಿಗೆ ಬಿಡುವುದೇ ಒಂದು ಸಾಹಸ. ಆದ್ದರಿಂದ ಅಲ್ಲಿ ಮಕ್ಕಳನ್ನು ಗಂಟೆ ಬಾರಿಸಿ ಎಬ್ಬಿಸುತ್ತಿರಲಿಲ್ಲ. ಪ್ರತಿಯೊಂದು ಮಲಗುವ ಕೋಣೆಯ ಮಕ್ಕಳ ಚಿಕ್ಕ ಗುಂಪಿಗೂ ಅವರೊಂದಿಗೆ ಬದುಕುವ ಆಪ್ತ ಪಾಲಕಿಯರಿದ್ದರು. ಹೆಚ್ಚಿನವರು ಎಳೆಯ ವಯಸ್ಸಿನವರು. ತಿಂಡಿ ತಿನಿಸು ಮಕ್ಕಳ ಕೈಗೆಟುಕುವಂತೆ ಇರುತ್ತಿತ್ತು. ಒಳ್ಳೆಯ ನಡತೆಗೆ ಬಹುಮಾನವಾಗಿ ಕೊಡುವ, ಕೆಟ್ಟ ನಡತೆಗೆ ದಂಡನೆಯಾಗಿ ಕಿತ್ತುಕೊಳ್ಳುವ ವಸ್ತುವಾಗಿ ಅನ್ನವನ್ನು ಎಂದೂ ಬಳಸಬಾರದೆಂಬುದು ಅಲ್ಲಿಯ ತತ್ವ. ಊಟಕ್ಕೆ ಒಡೆಯದ ಪ್ಲಾಸ್ಟಿಕ್ ತಟ್ಟೆಗಳನ್ನಿಡದೆ ಒಳ್ಳೆಯ ಪಿಂಗಾಣಿ ತಟ್ಟೆಗಳನ್ನೇ ಇಡುತ್ತಿದ್ದರು. ನೀನು ಒಡೆದೇ ಒಡೆಯುವೆ ಎಂದು ಪ್ಲಾಸ್ಟಿಕ್ ತಟ್ಟೆ ಹೇಳುತ್ತದೆ. ನಿನ್ನ ಮೇಲೆ ನಮಗೆ ನಂಬಿಕೆಯಿದೆ ಎಂದು ಪಿಂಗಾಣಿ ತಟ್ಟೆ ಹೇಳುತ್ತದೆ. ನೂರು ನೀತಿಪಾಠಗಳು ಹೇಳಲಾರದ ಮಾತದು.

ಓದು ಬರೆಹಗಳ ವಿಷಯದಲ್ಲಿಯೂ ಅವರ ನೋಟ ವಿಶಿಷ್ಟವಾಗಿತ್ತು. ಓದಲಾರದ ಮಗು ದಡ್ಡನೆಂದೋ ಸೋಮಾರಿಯೆಂದೋ ಅವರು ತೀರ್ಮಾನಿಸಲಿಲ್ಲ. ತಿಳಿದುಕೊಳ್ಳುವುದೇ ಅಪಾಯವೆಂದು ಬದುಕು ಕಲಿಸಿದ ಮಗುವು ಅಕ್ಷರವನ್ನೂ ದೂರವಿಡುತ್ತದೆ. ಲೋಕ ನಂಬಲರ್ಹವೆಂದು ಅನ್ನಿಸಿದ ದಿನ ಅದೇ ಮಗು ಪುಸ್ತಕ ತೆರೆಯುತ್ತದೆ ಎಂಬುದು ಅವರ ಮತ. ಎಲ್ಲ ಮಕ್ಕಳ ವಿಷಯದಲ್ಲಿ ಇದು ನಿಜವಲ್ಲದಿರಬಹುದು. ಕೆಲವು ಮಕ್ಕಳ ವಿಷಯದಲ್ಲಿ ಇದು ನಿಜವೆಂಬುದನ್ನು ಪ್ರಾಥಮಿಕ ತರಗತಿಗಳಲ್ಲಿ ಪಾಠ ಮಾಡಿದ ಯಾರೂ ಅಲ್ಲಗಳೆಯಲಾರರು.

ಬಾಗಿಲಿನ ಎರಡು ಮುಖ

ಶಾಲೆಯ ಮುಂಬಾಗಿಲು ಆ ಸಂಸ್ಥೆಯ ತತ್ವದ ಗುರುತಾಗಿತ್ತು. ಹೊರಗಿನವರು ಅದನ್ನು ತೆರೆಯಲಾಗುತ್ತಿರಲಿಲ್ಲ. ಒಳಗಿನವರು ಯಾವಾಗ ಬೇಕಾದರೂ ತೆರೆದು ಹೊರಗೆ ಹೋಗಬಹುದಿತ್ತು. ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಬೀಗ ಇದ್ದದ್ದು ರೋಗಿ ಹೊರಹೋಗದಂತೆ ತಡೆಯುವುದಕ್ಕೆ. ಇಲ್ಲಿ ಆ ಬೀಗದ ದಿಕ್ಕನ್ನೇ ತಿರುಗಿಸಲಾಗಿತ್ತು. ನೀನು ಕೈದಿಯಲ್ಲ, ನಿನಗೆ ಬೇಡದ ಲೋಕ ಇಲ್ಲಿಗೆ ನುಗ್ಗಲಾರದು ಎಂಬ ಭರವಸೆಯನ್ನು ಆ ಬಾಗಿಲು ಮಗುವಿಗೆ ನೀಡುತ್ತಿತ್ತು. ಈ ವ್ಯವಸ್ಥೆಯನ್ನು ನೋಡಿ ಮೆಚ್ಚಿದವರು ಅನೇಕರು.

ಆದರೆ ಹೊರಗಿನವರೆಂದರೆ ಯಾರು? ಅವರಲ್ಲಿ ಮಗುವಿನ ತಂದೆ ತಾಯಿಗಳೂ ಸೇರಿದ್ದರು. ಮಕ್ಕಳು ಬದುಕುವ ಕೋಣೆಗಳಿಗೆ ಅವರಿಗೆ ಪ್ರವೇಶವಿರಲಿಲ್ಲ, ಭೇಟಿಗಳೂ ಮಿತವಾಗಿದ್ದವು. ಮಗುವನ್ನು ಕೆಡಿಸಿದವರೇ ತಂದೆ ತಾಯಿಗಳೆಂದು ಒಮ್ಮೆ ನಂಬಿದ ಮೇಲೆ ಅವರನ್ನು ದೂರವಿಡುವುದೇ ಔಷಧವೆಂದು ತೋರುವುದು ಸಹಜ. ಹೀಗೆ ಮಗುವಿಗೆ ಅಭಯ ಕೊಡಲು ಮುಚ್ಚಿದ ಬಾಗಿಲು ಒಳಗೆ ನಡೆಯುವುದನ್ನು ನೋಡಬಹುದಾಗಿದ್ದ ಕಣ್ಣುಗಳನ್ನೂ ಹೊರಗೆ ನಿಲ್ಲಿಸಿತು. ನಿರ್ದೇಶಕರನ್ನು ಪ್ರಶ್ನಿಸಬಲ್ಲ ಸ್ಥಾನದಲ್ಲಿ ಶಾಲೆಯೊಳಗೆ ಯಾರೂ ಇರಲಿಲ್ಲ. ಪಾಲಕಿಯರು ಎಳೆಯರು, ಅವರ ಶಿಷ್ಯರು. ಲೋಕಕ್ಕೆ ಅವರು ಪ್ರಸಿದ್ಧ ಗ್ರಂಥಕರ್ತರು. ಮಕ್ಕಳ ಮಾತನ್ನೋ, ಇವರು ಮನೋರೋಗಿಗಳು ಎಂದು ತಳ್ಳಿಹಾಕುವುದು ಸುಲಭ.

ತಾಯಂದಿರ ಮೇಲೆ ಹೊರಿಸಿದ ಹೊರೆ

ಆಟಿಸಂ ಎಂದು ಇಂದು ನಾವು ಕರೆಯುವ ಸ್ಥಿತಿಯನ್ನು ಅಮೆರಿಕದಲ್ಲಿ ಮೊದಲು ವಿವರಿಸಿದವರು ಲಿಯೋ ಕ್ಯಾನರ್, ಅದು 1943ರಲ್ಲಿ. ಅದು ಹುಟ್ಟಿನಿಂದಲೇ ಬಂದದ್ದೆಂಬ ಸೂಚನೆ ಅವರ ಬರೆಹದಲ್ಲಿತ್ತು; ತಂದೆ ತಾಯಿಗಳ ಭಾವಶೈತ್ಯವನ್ನು ಕುರಿತ ಮಾತೂ ಇತ್ತು. ಬೆಟಲ್‌ಹೈಮ್ ಎರಡನೆಯದನ್ನು ಹಿಡಿದರು. 1967ರಲ್ಲಿ ಪ್ರಕಟವಾದ 'ದಿ ಎಂಪ್ಟಿ ಫೋರ್ಟ್ರೆಸ್' ಎಂಬ ಗ್ರಂಥದಲ್ಲಿ ಅವರು ಆಟಿಸಂ ಇರುವ ಮಗುವಿನ ಒಳಲೋಕವನ್ನು ನಾತ್ಸಿ ಶಿಬಿರದ ಕೈದಿಯ ಒಳಲೋಕಕ್ಕೆ ಹೋಲಿಸಿದರು. ಮಗು ಕೈದಿಯಾದರೆ ತಾಯಿ ಯಾರಾಗಬೇಕು? 'ರೆಫ್ರಿಜರೇಟರ್ ತಾಯಿ' ಎಂಬ ಕ್ರೂರವಾದ ಮಾತು ಆ ಕಾಲದಲ್ಲಿ ಬಳಕೆಯಲ್ಲಿತ್ತು; ಈ ಗ್ರಂಥದ ಜನಪ್ರಿಯತೆ ಆ ಭಾವನೆಗೆ ಇನ್ನಷ್ಟು ಬಲ ಕೊಟ್ಟಿತು. ಮಗು ತನ್ನ ಕಡೆಗೆ ನೋಡುವುದಿಲ್ಲವೆಂದು ಮೊದಲೇ ಕೊರಗುತ್ತಿದ್ದ ತಾಯಂದಿರು, ಅದಕ್ಕೆ ನೀನೇ ಕಾರಣ ಎಂಬ ತೀರ್ಪನ್ನೂ ಹೊರಬೇಕಾಯಿತು.

ಈ ವಾದಕ್ಕೆ ಉತ್ತರ ಆಗಲೇ ಹುಟ್ಟಿತ್ತು, ಅದೂ ಒಬ್ಬ ತಂದೆಯಿಂದ. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದರ ಮೂಲ ಶರೀರದಲ್ಲಿದೆ, ಮಿದುಳಿನ ಬೆಳವಣಿಗೆಯಲ್ಲಿದೆ ಎಂದು ವಾದಿಸಿದರು. ಮರುವರ್ಷ ಅಲ್ಲಿಯ ರಕ್ಷಕರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಅವರು 21 ಜೋಡಿ ಅವಳಿ ಮಕ್ಕಳನ್ನು ಅಭ್ಯಸಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿಕೊಟ್ಟರು. ತಾಯಿಯ ಪ್ರೀತಿಯ ಕೊರತೆಯಿಂದ ಆಟಿಸಂ ಬರುತ್ತದೆಂದು ಇಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ನಮ್ಮೂರುಗಳಲ್ಲಿ ಈಗಲೂ ಮಾತು ತಡವಾದ ಮಗುವಿನ ತಾಯಿಯ ಕಡೆಗೆ ನೆರೆಹೊರೆಯ ಬೆರಳುಗಳು ಚಾಚುವುದುಂಟು. ಆದುದರಿಂದ ಈ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

1990ರ ಅನಂತರ

ಬೆಟಲ್‌ಹೈಮ್ 1990ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಪತ್ರಿಕೆಗಳು ಅವರನ್ನು ಮಕ್ಕಳ ಮಹಾಮಿತ್ರನೆಂದು ಹೊಗಳಿ ಬರೆದವು. ಆಗ ಅವರ ಹಳೆ ವಿದ್ಯಾರ್ಥಿಗಳಲ್ಲಿ ಕೆಲವರು ಮಾತನಾಡತೊಡಗಿದರು. ಹೊಡೆಯಬಾರದೆಂದು ಲೋಕಕ್ಕೆ ಬೋಧಿಸಿದ ನಿರ್ದೇಶಕರು ಶಾಲೆಯೊಳಗೆ ತಮ್ಮನ್ನು ಹೊಡೆಯುತ್ತಿದ್ದರು, ಇತರ ಮಕ್ಕಳ ಎದುರಿನಲ್ಲಿ ಅವಮಾನಿಸುತ್ತಿದ್ದರು ಎಂದು ಅವರು ಬರೆದರು. ವಿದ್ಯಾರ್ಥಿಯಾಗಿದ್ದು ಮುಂದೆ ಪತ್ರಕರ್ತರಾದ ಚಾರ್ಲ್ಸ್ ಪೆಕೋ ಅದೇ ವರ್ಷ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಇದನ್ನು ಕುರಿತು ಲೇಖನ ಪ್ರಕಟಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತೆಂದು ಲೋಕಕ್ಕೆ ತಿಳಿದದ್ದು ಹೀಗೆ.

1997ರಲ್ಲಿ ರಿಚರ್ಡ್ ಪೊಲಾಕ್ ಅವರು ಬೆಟಲ್‌ಹೈಮರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಪೊಲಾಕರ ತಮ್ಮ ಆ ಶಾಲೆಯ ವಿದ್ಯಾರ್ಥಿಯಾಗಿದ್ದು, ರಜೆಯಲ್ಲಿ ಮನೆಯವರೊಂದಿಗಿದ್ದಾಗ ಅಪಘಾತದಲ್ಲಿ ಬಿದ್ದು ಮೃತಪಟ್ಟಿದ್ದ. ವರ್ಷಗಳ ಅನಂತರ ತಮ್ಮನ ವಿಷಯ ತಿಳಿಯಲು ಹೋದ ಅಣ್ಣನಿಗೆ ಬೆಟಲ್‌ಹೈಮ್, ಅದು ಅಪಘಾತವಲ್ಲ, ಆತ್ಮಹತ್ಯೆ; ತಾಯಿಯೇ ಕಾರಣ ಎಂದು ಹೇಳಿದರೆಂದು ಪೊಲಾಕ್ ದಾಖಲಿಸಿದ್ದಾರೆ. ಬೆಟಲ್‌ಹೈಮ್ ತಮ್ಮ ವಿಯೆನ್ನಾದ ವಿದ್ಯಾಭ್ಯಾಸವನ್ನೂ ಶಾಲೆಯಲ್ಲಿ ಗುಣವಾದ ಮಕ್ಕಳ ಪ್ರಮಾಣವನ್ನೂ ಇದ್ದುದಕ್ಕಿಂತ ಹೆಚ್ಚಿಸಿ ಹೇಳಿದ್ದರೆಂಬುದನ್ನೂ ಆ ಗ್ರಂಥ ತೋರಿಸಿತು.

ಇನ್ನೊಂದು ಸಾಕ್ಷ್ಯವನ್ನೂ ಮರೆಯಬಾರದು. ಹದಿಮೂರು ವರ್ಷ ಅಲ್ಲಿ ವಾಸವಿದ್ದ ಸ್ಟೀಫನ್ ಎಲಿಯಟ್ 2003ರಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿಸಿದರು. ಶಾಲೆಯಲ್ಲಿ ಭಯವಿತ್ತೆಂಬುದನ್ನು ಅವರು ಮರೆಮಾಡುವುದಿಲ್ಲ. ಆ ಶಾಲೆಯಿಂದ ತಮಗೆ ಬದುಕು ದಕ್ಕಿತೆಂಬ ಋಣವನ್ನೂ ಮರೆಯುವುದಿಲ್ಲ. ಅಲ್ಲಿ ದುಡಿದ ಪಾಲಕಿಯರಲ್ಲಿ ಹಲವರು ತಮ್ಮ ನಿರ್ದೇಶಕರನ್ನು ಕೊನೆಯವರೆಗೂ ಗೌರವಿಸಿದರು. ಪಿಂಗಾಣಿ ತಟ್ಟೆಯೂ ಕಪಾಳದ ಏಟೂ ಒಂದೇ ಊಟದ ಮನೆಯ ಸತ್ಯಗಳಾಗಿದ್ದವು. ಒಂದು ಇನ್ನೊಂದನ್ನು ಅಳಿಸಲಾರದು.

ಶಾಲೆ ಮುಚ್ಚಲಿಲ್ಲ. ಅಲ್ಲಿಯೇ ಪಾಲಕಿಯಾಗಿ ಬೆಳೆದ ಜಾಕ್ವೆಲಿನ್ ಸ್ಯಾಂಡರ್ಸ್ 1973ರಲ್ಲಿ ಅದರ ನಿರ್ದೇಶಕಿಯಾದರು. 2014ರಲ್ಲಿ ಶಾಲೆ ತನ್ನ ಹಳೆಯ ಕಟ್ಟಡವನ್ನು ಬಿಟ್ಟು ಚಿಕಾಗೋದಲ್ಲಿಯೇ ಹೊಸ ನಿವೇಶನಕ್ಕೆ ಬಂದಿತು. ಈಗ ಮಗುವಿನ ಚಿಕಿತ್ಸೆಯಲ್ಲಿ ಮನೆಯವರನ್ನೂ ಜತೆಗೂಡಿಸಿಕೊಳ್ಳುತ್ತದೆ.

ತೆರೆದ ಬಾಗಿಲುಗಳು

ಹಾಗಾದರೆ ಪರಿಸರವೇ ಚಿಕಿತ್ಸೆ ಎಂಬ ವಿಚಾರ ತಪ್ಪಾಗಿತ್ತೇ? ಆಗಿರಲಿಲ್ಲವೆಂಬುದಕ್ಕೆ ಇಂಗ್ಲೆಂಡಿನಲ್ಲಿ ಸಾಕ್ಷಿಯಿದೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬಾಂಬ್ ದಾಳಿಯ ಭಯದಿಂದ ಸುಮಾರು 15 ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ನಗರಗಳಿಂದ ಹಳ್ಳಿಗಳಿಗೆ ಕಳುಹಿಸಲಾಯಿತು. ತಾಯಿಯನ್ನು ಅಗಲಿದ ಮಕ್ಕಳಲ್ಲಿ ಅನೇಕರು ಯಾವ ಮನೆಯಲ್ಲಿಯೂ ನಿಲ್ಲಲಾರದಾದರು. ಅಂಥವರ ನಡುವೆ ದುಡಿದ ಬಾರ್ಬರಾ ಡಾಕರ್-ಡ್ರೈಸ್‌ಡೇಲ್ ಎಂಬ ಮಹಿಳೆ ತಮ್ಮ ಪತಿಯೊಂದಿಗೆ 1948ರಲ್ಲಿ ಆಕ್ಸ್‌ಫರ್ಡ್ ಸಮೀಪದ ಸ್ಟ್ಯಾಂಡ್‌ಲೇಕ್ ಹಳ್ಳಿಯಲ್ಲಿ ಮಲ್ಬೆರಿ ಬುಷ್ ಶಾಲೆಯನ್ನು ಸ್ಥಾಪಿಸಿದರು. ಪ್ರಸಿದ್ಧ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಅವರೊಂದಿಗೆ ಅವರು ನಿರಂತರವಾಗಿ ವಿಚಾರವಿನಿಮಯ ನಡೆಸುತ್ತಿದ್ದರು. ಮುಂದೆ ಶಾಲೆಯ ಆಡಳಿತವನ್ನು ಇತರರಿಗೆ ಒಪ್ಪಿಸಿ ತಾವು ಸಲಹೆಗಾರರಾಗಿ ಉಳಿದರು. ಸ್ಥಾಪಿಸಿದವರೇ ಅಧಿಕಾರವನ್ನು ಬಿಟ್ಟುಕೊಟ್ಟ ಆ ಶಾಲೆ ಇಂದಿಗೂ ನಡೆಯುತ್ತಿದೆ.

ನಮ್ಮ ದೇಶದಲ್ಲಿಯೂ ಬಾಗಿಲು ತೆರೆದವರಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಗುಡಾರಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನು ಜತೆಗಿರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ವಾರ್ಡಿನಲ್ಲಿ ಮಗುವಿನೊಂದಿಗೆ ಮನೆಯವರೊಬ್ಬರು ಉಳಿದುಕೊಳ್ಳುವುದು ರೂಢಿ. ಚಿಕಾಗೋದಲ್ಲಿ ಹೊರಗೆ ನಿಲ್ಲಿಸಿದ ತಾಯಿಗೆ ಇಲ್ಲಿ ಮಗುವಿನ ಮಗ್ಗುಲಲ್ಲೇ ಜಾಗ ಸಿಕ್ಕಿತು.

ನಮ್ಮದು ಚಿಕಿತ್ಸೆಯ ಶಾಲೆಯಲ್ಲ. ಸಾಮಾನ್ಯವಾದ ಕನ್ನಡ ಮಾಧ್ಯಮ ಶಾಲೆ. ಆದರೂ ಮನನೊಂದ ಮಗು ಪ್ರತಿಯೊಂದು ತರಗತಿಯಲ್ಲಿಯೂ ಇರಬಹುದು. ಗಡಿನಾಡಿನ ನಮ್ಮಲ್ಲಿ ಇನ್ನೊಂದು ತೊಡಕೂ ಸೇರುತ್ತದೆ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮತ್ತೆ ಮಲಯಾಳ. ಇಂಥಲ್ಲಿ ಒಂದು ಮಗು ಮೌನವಾಗಿದ್ದರೆ ಭಾಷೆ ಹೊಸದೆಂದು ನಾವು ಸಮಾಧಾನಪಟ್ಟುಕೊಳ್ಳುವುದು ಸುಲಭ. ಮೌನಕ್ಕೆ ಭಾಷೆಯೇ ಕಾರಣವಾಗಿರಬಹುದು. ಮನೆಯೊಳಗಿನ ಜಗಳ, ಅಗಲಿಕೆ, ಸಾವು, ಯಾರೊಂದಿಗೂ ಹೇಳಲಾಗದ ಭಯ ಕಾರಣವಾಗಿರಬಹುದು. ಕಿವಿಯ ದೋಷವೂ ಇರಬಹುದು, ಆಟಿಸಂ ಕೂಡ ಇರಬಹುದು. ಮಗುವಿನ ಮನೆಮಾತು ಬಲ್ಲ ಅಧ್ಯಾಪಕರೊಬ್ಬರು ಅದೇ ಭಾಷೆಯಲ್ಲಿ ನಾಲ್ಕು ದಿನ ಮಾತನಾಡಿಸಿ ನೋಡಿದರೆ ಮೊದಲನೆಯ ಕಾರಣವನ್ನು ಉಳಿದವುಗಳಿಂದ ಬೇರ್ಪಡಿಸಬಹುದು. ಉಳಿದವುಗಳನ್ನು ಬಲ್ಲವರು ಪರೀಕ್ಷಿಸಬೇಕು. ಕೇರಳದ ಅನೇಕ ಶಾಲೆಗಳಲ್ಲಿ ಈಗ ಕೌನ್ಸಿಲರ್ ಇದ್ದಾರೆ. ಅವರ ಬಳಿಗೆ ಮಗುವನ್ನು ಕಳುಹಿಸುವುದು ಆ ಮನೆತನಕ್ಕೆ ಅವಮಾನವಲ್ಲ.

ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ವಿಧಿಯು ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಎರಡನೆಯ ಪದವನ್ನು ನಾವು ಗಮನವಿಟ್ಟು ಓದಬೇಕು. ಬೆತ್ತ ಶಾಲೆಗಳಿಂದ ಹೊರಟುಹೋದರೂ ಎಲ್ಲರೆದುರಿನಲ್ಲಿ ಹೀಯಾಳಿಸುವ ನಾಲಗೆ ಉಳಿದುಕೊಳ್ಳಬಹುದು. ಕಾನೂನಿನ ಜತೆಗೆ ಕಾಣುವ ಕಣ್ಣುಗಳೂ ಬೇಕು. ರಕ್ಷಕ ಶಿಕ್ಷಕ ಸಂಘದ ಸಭೆಯು ಅಂಕಪಟ್ಟಿಗೆ ಸಹಿ ಹಾಕಿ ಮುಗಿಯುವಂಥದಾಗಬಾರದು. ನನ್ನ ಮಗು ಶಾಲೆಯಲ್ಲಿ ಯಾರೊಂದಿಗೆ ಕುಳಿತು ಉಣ್ಣುತ್ತದೆ, ಯಾರಿಗೆ ಹೆದರುತ್ತದೆ, ಯಾವ ದಿನ ಶಾಲೆಗೆ ಬರಲೊಲ್ಲದು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಾಯಿಗೂ ತಂದೆಗೂ ಇದೆ. ಆ ಪ್ರಶ್ನೆಯನ್ನು ಅಧ್ಯಾಪಕರು ಆಕ್ಷೇಪವೆಂದು ತಿಳಿಯದೆ ನೆರವೆಂದು ಸ್ವೀಕರಿಸಬೇಕು. ಹಳೆ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿಯಿದೆ. ಶತಮಾನೋತ್ಸವದ ಹೊತ್ತಿನಲ್ಲಿ ನೀವು ಹಂಚಿಕೊಳ್ಳುವ ನೆನಪುಗಳಲ್ಲಿ ಸಿಹಿಯೊಂದಿಗೆ ಕಹಿಗೂ ಎಡೆಯಿರಲಿ. ಆರ್ಥೋಜೆನಿಕ್ ಶಾಲೆಯ ಸತ್ಯವನ್ನು ಲೋಕಕ್ಕೆ ತಿಳಿಸಿದವರು ಅದರ ಹಳೆ ವಿದ್ಯಾರ್ಥಿಗಳೇ. ಆದರೆ ಅವರ ಮಾತಿಗೆ ಲೋಕ ಕಿವಿಗೊಡುವ ಹೊತ್ತಿಗೆ ಅವರ ಬಾಲ್ಯ ಕಳೆದುಹೋಗಿತ್ತು.

ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಶಾಲೆಗೆ ಹೊಸ ಕಟ್ಟಡ ಬರಲಿ, ಗ್ರಂಥಾಲಯ ಬೆಳೆಯಲಿ, ಕನ್ನಡದ ಮಕ್ಕಳ ಸಂಖ್ಯೆ ಹೆಚ್ಚಲಿ. ಮಧ್ಯಾಹ್ನದ ಊಟಕ್ಕೆ ಒಂದು ಮಗು ಬಾರದಿದ್ದರೆ ಅದನ್ನು ಅಂದೇ ಗಮನಿಸುವವರು ಇಲ್ಲಿರಲಿ. ಯಾಕೆಂದು ಕೇಳಲು ಮರುದಿನ ಬರುವ ತಾಯಿಗೆ ತರಗತಿಯ ಬಾಗಿಲು ತೆರೆದಿರಲಿ.